ಸೂಜಿಯ ಸುತ್ತ ಜೋಮು ಏಕೆ?

ಪ್ರಶ್ನೆ: ದಿನವಿಡೀ ಕುಳಿತು ಅಡಿಕೆ ಸುಲಿಯುವ ನನ್ನ ಅಮ್ಮನಿಗೆ ಮೊಣಕಾಲು ನೋವು. ಅಕ್ಯುಪಂಕ್ಚರ್ ಮಾಡಿಸಿದ ಮೇಲೆ ಒಂದೆರಡು ದಿನ ನೋವು ತಗ್ಗುತ್ತದೆ. ಆದರೆ ಸೂಜಿ ಚುಚ್ಚಿದಾಗ ಅದರ ಸುತ್ತ ಭಾರವೂ ಜೋಮೂ ಆಗುತ್ತದೆ. ನರಕ್ಕೆ ಪೆಟ್ಟಾಗಿರಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸೂಜಿ ತೆಗೆದ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುವ ಜೋಮು ಸಾಮಾನ್ಯವಾಗಿ ನರದ ಪೆಟ್ಟಲ್ಲ. ಸುಮಾರು 0.25 ಮಿ.ಮೀ. ದಪ್ಪದ ಸೂಜಿಯನ್ನು ಸ್ನಾಯುವಿನವರೆಗೆ ಇಳಿಸಿ ಮೆಲ್ಲಗೆ ತಿರುಗಿಸಿದಾಗ ಅಲ್ಲಿನ ಸಣ್ಣ ನರತಂತುಗಳು ಪ್ರಚೋದನೆಗೊಂಡು ಇಂತಹ ಮಂದ ಅನುಭವ ಮೂಡುತ್ತದೆ. ಆ ಸಂದೇಶ ಬೆನ್ನುಹುರಿಯ ಮೂಲಕ ಮಿದುಳನ್ನು ತಲುಪಿದಾಗ ದೇಹವೇ ತಯಾರಿಸುವ ಎಂಡಾರ್ಫಿನ್ ಎಂಬ ನೋವುಶಾಮಕಗಳು ಬಿಡುಗಡೆಯಾಗುತ್ತವೆ ಎಂಬ ಊಹೆಗೆ, ಅವುಗಳ ಕೆಲಸವನ್ನು ತಡೆಯುವ ನಲಾಕ್ಸೋನ್ ಔಷಧಿ ಕೊಟ್ಟು 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಬಲ ನೀಡಿದವು. ಆದರೆ ಚರ್ಮವನ್ನು ಭೇದಿಸದ ನಕಲಿ ಸೂಜಿಯಿಂದಲೂ ಅನೇಕರಿಗೆ ನೋವು ತಗ್ಗುವುದರಿಂದ, ನಿರೀಕ್ಷೆ ಮತ್ತು ಆರೈಕೆಯ ಪಾಲೂ ಇದರಲ್ಲಿ ದೊಡ್ಡದೆಂದೇ ನನ್ನ ಅಭಿಪ್ರಾಯ. ಹಾಗೆಂದು ಅಮ್ಮನವರಿಗೆ ಸಿಕ್ಕ ನೆಮ್ಮದಿ ಸುಳ್ಳಾಗುವುದಿಲ್ಲ.

ಕರೆಂಟು ಹೊಡೆದಂತೆ ಪಾದದವರೆಗೆ ಸೆಳೆತ ಹರಿದರೆ ಮಾತ್ರ ಕೂಡಲೇ ಸೂಜಿ ತೆಗೆಸಿ. ಜೋಮು ದಿನಗಟ್ಟಲೆ ಉಳಿದರೆ, ಅಥವಾ ಸ್ಪರ್ಶವೇ ತಿಳಿಯದ ಬಿಳಿಚಿದ ಮಚ್ಚೆ ಕಂಡರೆ, ಸಕ್ಕರೆ ಕಾಯಿಲೆಯೋ ಕುಷ್ಠವೋ ಎಂದು ವೈದ್ಯರಲ್ಲಿ ಮೊದಲು ಪರೀಕ್ಷಿಸಿಕೊಳ್ಳಬೇಕು.