ರಾಕೆಟ್ ಅವರದು, ಉಪಗ್ರಹ ಇವರದು: ಕೆಟ್ಟರೆ ಯಾರ ತಲೆಗೆ?

ಪತ್ರ: “2022ರ ಒನ್‌ವೆಬ್ ಉಡಾವಣೆಯನ್ನು ಒಂದು ಪತ್ರಿಕೆ ಇಸ್ರೊದ್ದು ಎಂದಿತು, ಇನ್ನೊಂದು ಎನ್‌ಎಸ್‌ಐಎಲ್‌ನದ್ದು ಎಂದಿತು. ಯಾವುದು ಸರಿ? ರಾಕೆಟ್ ಕೆಟ್ಟಿದ್ದರೆ ನಷ್ಟ ಯಾರಿಗೆ?” — ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಎರಡೂ ಸರಿ. ಎನ್‌ಎಸ್‌ಐಎಲ್ (ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್) ಎಂದರೆ ಬಾಹ್ಯಾಕಾಶ ಇಲಾಖೆಯಡಿ 2019ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಂಪನಿ. ಉಪಗ್ರಹಗಳ ಮೂಲಕ ಇಂಟರ್ನೆಟ್ ಕೊಡುವ ಲಂಡನ್ನಿನ ಕಂಪನಿ ಒನ್‌ವೆಬ್‌ನ 72 ಉಪಗ್ರಹಗಳನ್ನು ಎರಡು ಸಲಕ್ಕೆ ಹಾರಿಸಿಕೊಡುವ ಒಪ್ಪಂದಕ್ಕೆ ಸಹಿ ಹಾಕಿದ್ದು ಅದು. ಎಲ್‌ವಿಎಂ3 ರಾಕೆಟ್ ಕಟ್ಟಿ ಶ್ರೀಹರಿಕೋಟಾದಿಂದ ಹಾರಿಸಿದ್ದು ಇಸ್ರೊ. ಇನ್-ಸ್ಪೇಸ್ ಎಂಬ ಮೂರನೆಯ ಹೆಸರನ್ನೂ ನೀವು ಕೇಳಿರಬಹುದು. ಅಹಮದಾಬಾದಿನ ಆ ಸಂಸ್ಥೆ ಅನುಮತಿ ಕೊಡುತ್ತದೆ, ಹಾರಿಸುವುದಿಲ್ಲ.

ನಿಜವಾದ ತಕರಾರು ಹುಟ್ಟುವುದು ರಾಕೆಟ್ಟೂ ಉಪಗ್ರಹವೂ ಕೂಡುವ ಜಾಗದಲ್ಲಿ. ಅದಕ್ಕೆಂದೇ ಎರಡೂ ಕಡೆಯವರು ಇಂಟರ್‌ಫೇಸ್ ದಾಖಲೆಯೊಂದಕ್ಕೆ ಸಹಿ ಹಾಕುತ್ತಾರೆ: ತೂಕ ಎಷ್ಟು, ಬೋಲ್ಟ್ ಎಲ್ಲಿ, ಯಾವ ಕಕ್ಷೆ, ಬಿಡುವಾಗ ಎಷ್ಟು ವೇಗ. ಉಪಗ್ರಹದವರು ತಮ್ಮ ಉಪಗ್ರಹ ಹೇಗೆ ಅದುರುತ್ತದೆ ಎಂಬ ಗಣಿತ ಮಾದರಿಯನ್ನು ಕೊಡಬೇಕು. ರಾಕೆಟ್ಟಿನವರು ಅದನ್ನು ತಮ್ಮ ಮಾದರಿಗೆ ಜೋಡಿಸಿ, ಹಾರುವಾಗ ಯಾವ ಭಾಗಕ್ಕೆ ಎಷ್ಟು ಹೊರೆ ಬೀಳುತ್ತದೆಂದು ಲೆಕ್ಕ ಹಾಕುತ್ತಾರೆ. ಇಬ್ಬರ ಅದುರುವಿಕೆಯ ಆವರ್ತನ ಹತ್ತಿರ ಬಂದರೆ ಉಪಗ್ರಹದ ಒಳಗಿನ ಜೋಡಣೆಗಳು ಬಿಟ್ಟುಕೊಳ್ಳಬಹುದು. ಆ ಮಾದರಿ ತಡವಾಗಿ ಬಂದರೆ ಲೆಕ್ಕವೂ ತಡ, ಉಡಾವಣೆಯೂ ತಡ.

ಹೊಣೆ ಕೈ ಬದಲಾಗುವುದು ಉಪಗ್ರಹ ಬೇರ್ಪಡುವ ಕ್ಷಣದಲ್ಲಿ. 2022ರ ಅಕ್ಟೋಬರ್ 23ರ ನಡುರಾತ್ರಿ ಎಲ್‌ವಿಎಂ3 ಹೊತ್ತೊಯ್ದದ್ದು 36 ಉಪಗ್ರಹ, ಒಟ್ಟು 5,796 ಕಿಲೊ. ರಾಕೆಟ್ಟಿನ ಕೊನೆಯದಾದ ಕ್ರಯೋಜೆನಿಕ್ ಹಂತ ಮುಖ ತಿರುಗಿಸುತ್ತ ನಾಲ್ಕು ನಾಲ್ಕಾಗಿ ಒಂಬತ್ತು ಸಲ ಅವನ್ನು ಬಿಡಬೇಕಿತ್ತು, ಇಲ್ಲದಿದ್ದರೆ ಒಂದಕ್ಕೊಂದು ತಾಕುವ ಭಯ. ಮೊದಲ 16 ಬೇರ್ಪಟ್ಟದ್ದು ಬೇಗ ಖಚಿತವಾಯಿತು. ಉಳಿದ 20ರ ಸುದ್ದಿಗೆ ಎಲ್ಲರೂ ಕಾದು ಕೂತರು. ಬೇರ್ಪಟ್ಟ ಮೇಲೆ ಸುಮಾರು 600 ಕಿ.ಮೀ.ಯಿಂದ 1,200 ಕಿ.ಮೀ.ಗೆ ಏರಿಸಿಕೊಳ್ಳುವ ಕೆಲಸ ಒನ್‌ವೆಬ್‌ನದ್ದೇ. ಒಂದು ವೇಳೆ ರಾಕೆಟ್ ತಗ್ಗಿನ ಕಕ್ಷೆಯಲ್ಲಿ ಬಿಟ್ಟಿದ್ದರೆ, ಏರಲು ಉಪಗ್ರಹದ ಇಂಧನವೇ ಖರ್ಚು, ಅಷ್ಟರ ಮಟ್ಟಿಗೆ ಆಯುಸ್ಸೂ ಕಡಿಮೆ. ಆಗ ವಾದಕ್ಕೆ ಆಧಾರ ಮತ್ತೆ ಆ ದಾಖಲೆಯೇ.

ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುವ ನಿಮ್ಮೂರಿನ ಇಸ್ರೊ ಕೇಂದ್ರ ಎಂಸಿಎಫ್‌ಗೆ ಇದರ ತಿರುವುಮುರುವು ಗೊತ್ತು. 4,700 ಕಿಲೊ ತೂಕದ ಸಂಪರ್ಕ ಉಪಗ್ರಹ ಜಿಸ್ಯಾಟ್-ಎನ್2 ನಮ್ಮ ರಾಕೆಟ್ಟಿಗೆ ಭಾರವಾಗಿ, 2024ರ ನವೆಂಬರಿನಲ್ಲಿ ಅಮೆರಿಕದ ಫಾಲ್ಕನ್-9 ಏರಿತು. ಉಪಗ್ರಹದ ಒಡೆತನ ಎನ್‌ಎಸ್‌ಐಎಲ್‌ನದ್ದು. ಅಂದರೆ ಅಲ್ಲಿ ಗಿರಾಕಿ ನಾವೇ. ಬೇರ್ಪಟ್ಟ ಮೇಲೆ ಲಗಾಮು ಹಿಡಿದದ್ದು ಹಾಸನ.

ಇನ್ನು ದುಡ್ಡಿನ ಮಾತು. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಯವರು ‘ನಿಮ್ಮ ನಷ್ಟ ನಿಮಗೆ, ನಮ್ಮದು ನಮಗೆ’ ಎಂದು ಮೊದಲೇ ಬರೆದುಕೊಂಡಿರುತ್ತಾರೆ. ಉಪಗ್ರಹ ಹಾಳಾದರೆ ಮಾಲೀಕರು ತಮ್ಮ ವಿಮೆಯ ಕಡೆ ನೋಡಬೇಕು. ಚೂರುಗಳು ಬೇರೆ ದೇಶದ ನೆಲದ ಮೇಲೆ ಬಿದ್ದರೆ ಮಾತ್ರ ಕಂಪನಿಗಳ ಕರಾರು ಸಾಲದು. 1972ರ ಹೊಣೆಗಾರಿಕೆ ಒಪ್ಪಂದದಂತೆ ತಪ್ಪು ಯಾರದೆಂದು ಕೇಳದೆ ಉಡಾವಣಾ ದೇಶ ಪರಿಹಾರ ಕೊಡಬೇಕು. ಹಾರಿಸಿದ ದೇಶವೂ ಹಾರಿಸಲು ಹೇಳಿದ ದೇಶವೂ ಈ ಲೆಕ್ಕಕ್ಕೆ ಬರುತ್ತವೆ.

ಆದರೆ ಚೂರು ಬಿದ್ದದ್ದು ಆಂಧ್ರದ ಹಳ್ಳಿಯೊಂದರಲ್ಲಿ ಎಂದಿಟ್ಟುಕೊಳ್ಳಿ. ಆ ಒಪ್ಪಂದ ಉಡಾವಣಾ ದೇಶದ ಸ್ವಂತ ಪ್ರಜೆಗಳಿಗೆ ಅನ್ವಯಿಸುವುದಿಲ್ಲ. ಆ ರೈತ ನಮ್ಮ ಕಾನೂನಿನಲ್ಲೇ ದಾರಿ ಹುಡುಕಬೇಕು. ಅದಕ್ಕೆ ನಮ್ಮ 2023ರ ಬಾಹ್ಯಾಕಾಶ ನೀತಿಯನ್ನು ನೆಚ್ಚುವಂತಿಲ್ಲ, ಅದು ಬರೀ ನೀತಿ, ಸಂಸತ್ತಿನ ಕಾಯ್ದೆಯಲ್ಲ.