ಪರದೇಶದ ದುಡಿಮೆ, ಮನೆಗೆ ಬರುವ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲವು ದೇಶಗಳ ಜಿಡಿಪಿಯಲ್ಲಿ ಕಾಲುಭಾಗ ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಎಂದು ಓದಿದೆ. ಹಾಗಾದರೆ ಆ ದೇಶಗಳೊಳಗಿನ ಉತ್ಪಾದನೆ ಉಳಿದ ಮುಕ್ಕಾಲು ಭಾಗ ಮಾತ್ರವೇ?
— ಅರ್ಥಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಅಲ್ಲ. ಪತ್ರಿಕೆಗಳೂ ಆಗಾಗ ಎಡವುವ ಜಾಗ ಇದು. ಜಿಡಿಪಿ ಎಂದರೆ ದೇಶದ ಗಡಿಯೊಳಗೆ ಆದ ಉತ್ಪಾದನೆಯ ಮೌಲ್ಯ. ಹೊರಗೆ ದುಡಿದು ಕಳಿಸಿದ ಹಣ ಅದರೊಳಗೆ ಸೇರುವುದೇ ಇಲ್ಲ. ನೇಪಾಳಕ್ಕೆ ಬರುವ ಹಣ 'ಜಿಡಿಪಿಯ ಸುಮಾರು ಕಾಲುಭಾಗ' ಎಂದಾಗ ಜಿಡಿಪಿಯನ್ನು ಅಳತೆಗೋಲಾಗಿ ಪಕ್ಕದಲ್ಲಿಟ್ಟು ಹೋಲಿಸಿದ್ದಾರೆ, ಅಷ್ಟೆ. ಒಳಗೆ 100 ರೂಪಾಯಿಯ ಉತ್ಪಾದನೆಯಾದರೆ ಹೊರಗಿನಿಂದ ಇನ್ನೂ 25 ಬರುತ್ತಿದೆ ಎಂದು ಓದಿಕೊಳ್ಳಿ.

ಲೆಕ್ಕದಲ್ಲಿ ಇನ್ನೊಂದು ತಿರುವಿದೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಹೋದವನನ್ನು ತವರಿನ ನಿವಾಸಿ ಎಂದೇ ಎಣಿಸುತ್ತಾರೆ. ಆತನ ಪೂರ್ತಿ ಸಂಬಳ, ಅಲ್ಲೇ ಖರ್ಚಾದದ್ದೂ ಸೇರಿ, ತವರಿನ ರಾಷ್ಟ್ರೀಯ ಆದಾಯಕ್ಕೆ ಜಮಾ. ವರ್ಷ ದಾಟಿದರೆ ಆತ ದುಡಿಯುವ ದೇಶದ ನಿವಾಸಿ. ಮನೆಗೆ ಕಳಿಸಿದ್ದಷ್ಟೇ 'ವರ್ಗಾವಣೆ' ಎಂದು ತವರಿನ ಚಾಲ್ತಿ ಖಾತೆಗೆ, ಅಂದರೆ ಹೊರದೇಶಗಳೊಂದಿಗಿನ ವ್ಯವಹಾರದ ಲೆಕ್ಕಕ್ಕೆ, ಬರುತ್ತದೆ. ಎರಡು ದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಡುವ ಮೊದಲು, ಅಲ್ಲಿಂದ ಹೋಗುವವರು ಹಂಗಾಮಿ ಕೂಲಿಗಳೋ ವರ್ಷಗಟ್ಟಲೆ ಉಳಿಯುವವರೋ ನೋಡಿಕೊಳ್ಳಿ.

ಪ್ರಶ್ನೆ: ಬಂದ ಹಣವೆಲ್ಲ ಊಟ, ಬಟ್ಟೆ, ಮದುವೆ, ಮನೆ ಕಟ್ಟುವುದಕ್ಕೆ ಹೋಗುತ್ತದೆ. ಇದರಿಂದ ದೇಶಕ್ಕೇನು ಲಾಭ? ಕಾರ್ಖಾನೆ ತೆರೆದರೆ ತಾನೆ ಅಭಿವೃದ್ಧಿ?
— ನಿವೃತ್ತ ಬ್ಯಾಂಕ್ ನೌಕರ

ಉತ್ತರ: ನಿಮ್ಮ ಪಟ್ಟಿಯಲ್ಲಿ ಮೊದಲು ಬರಬೇಕಾದ ಬಾಬ್ತೇ ಬಿಟ್ಟುಹೋಗಿದೆ: ಸಾಲ. ಹೊರಡುವ ಮುನ್ನ ಏಜೆಂಟ್, ವೀಸಾ, ಟಿಕೆಟ್, ವೈದ್ಯಕೀಯ ತಪಾಸಣೆ ಎಂದು ಮಾಡಿದ ಸಾಲ ತೀರುವವರೆಗೆ ಮನೆಗೆ ಬರುವ ಹಣ ಮನೆಯದಲ್ಲ, ಸಾಲ ಕೊಟ್ಟವನದು.

ಒಂದು ಲೆಕ್ಕ ಹಾಕೋಣ. ಕಾರ್ಮಿಕ ತಿಂಗಳಿಗೆ 250 ಡಾಲರ್ ಕಳಿಸುತ್ತಾನೆ, ಕರಾರು 24 ತಿಂಗಳದ್ದು, ಹೊರಡಲು ಮಾಡಿದ ಸಾಲ 3,000 ಡಾಲರ್, ಬಡ್ಡಿ ತಿಂಗಳಿಗೆ ಶೇ 3. ಮೊದಲ ತಿಂಗಳ 250ರಲ್ಲಿ 90 ಬಡ್ಡಿಗೇ ಹೋಯಿತು, ಅಸಲಿಗೆ ಸಂದದ್ದು 160. ಹೀಗೆ ಸಾಗಿ ಸಾಲ ತೀರಲು 15 ತಿಂಗಳು ಬೇಕು. ಮನೆಯವರಿಗೆ ಉಳಿದದ್ದು 9 ತಿಂಗಳ ದುಡಿಮೆ. ಬಡ್ಡಿಯನ್ನು ಶೇ 1ಕ್ಕೆ ಇಳಿಸಿದರೂ ಸಾಲ ತೀರಲು 13 ತಿಂಗಳು ಹಿಡಿಯುತ್ತದೆ. ಬಡ್ಡಿ ಶೇ 3 ಇದ್ದೇ ಹೊರಡುವ ಖರ್ಚು 1,000 ಡಾಲರಿಗೆ ಇಳಿದರೆ? ನಾಲ್ಕೂವರೆ ತಿಂಗಳೊಳಗೆ ಮುಗಿಯಿತು. ವಲಸೆ ಹೋಗುವವರಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತೇವೆ ಎಂಬ ಯೋಜನೆಗಳು ಕೇಳಲು ಚೆಂದ. ಆದರೆ ಪೆಟ್ಟು ಬೀಳಬೇಕಾದ್ದು ಅಸಲಿನ ಮೇಲೆ.

ಇದು ಆಗದ ಮಾತಲ್ಲ. ದಕ್ಷಿಣ ಕೊರಿಯಾ 2004ರಲ್ಲಿ ಸರ್ಕಾರದಿಂದ ಸರ್ಕಾರಕ್ಕೆ ನೇಮಕಾತಿ ನಡೆಯುವ ಪದ್ಧತಿ ತಂದಿತು. ಅದಕ್ಕೂ ಮುಂಚೆ ಅಲ್ಲಿಗೆ ಹೋಗುವವರು ಸರಾಸರಿ 3,500 ಡಾಲರ್ ತೆರುತ್ತಿದ್ದರು. 2011ರ ಹೊತ್ತಿಗೆ ಅದು ಸಾವಿರದ ಒಳಗೆ ಬಂತು. ನ್ಯೂಜಿಲೆಂಡ್ 2007ರಲ್ಲಿ ತೋಟದ ಹಂಗಾಮಿ ಕೆಲಸಕ್ಕೆ ಟೋಂಗಾ, ವನುವಾಟು ಮೊದಲಾದ ದ್ವೀಪಗಳವರನ್ನು ಕರೆಸಿಕೊಳ್ಳತೊಡಗಿದಾಗ ವಿಮಾನದ ಅರ್ಧ ಖರ್ಚನ್ನು ಮಾಲೀಕನೇ ಹೊರಬೇಕೆಂಬ ನಿಯಮ ಇಟ್ಟಿತು. ಆ ಎರಡು ದ್ವೀಪದೇಶಗಳಲ್ಲಿ ಕೆಲಸಕ್ಕೆ ಹೋದವರ ಮನೆಗಳ ತಲಾ ಆದಾಯ ಶೇ 30ಕ್ಕೂ ಹೆಚ್ಚು ಏರಿದ್ದು ಅಧ್ಯಯನದಲ್ಲಿ ಕಂಡಿದೆ. ಬರೀ ಆದೇಶ ಹೊರಡಿಸಿದರೆ ಮಾತ್ರ ಸಾಲದು. ನೇಪಾಳ 2015ರಲ್ಲಿ ವೀಸಾ ಮತ್ತು ಟಿಕೆಟ್ ಖರ್ಚು ಮಾಲೀಕನದೇ, ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಗರಿಷ್ಠ 10,000 ನೇಪಾಳಿ ರೂಪಾಯಿ ಎಂದಿತು. ರಸೀದಿಯಲ್ಲಿ 10,000 ಬಂತು, ಉಳಿದದ್ದು ರಸೀದಿಯಿಲ್ಲದೆ ಕೈಬದಲಾಯಿತು. ಕೆಲಸ ಒಂದು, ಆಕಾಂಕ್ಷಿಗಳು ಹತ್ತು ಮಂದಿ ಇರುವಲ್ಲಿ ಆ ಕೆಲಸಕ್ಕೆ ಬೆಲೆ ಹುಟ್ಟಿಕೊಳ್ಳುತ್ತದೆ. ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲಲ್ಲಿ.

ಇನ್ನು 'ಊಟ ಬಟ್ಟೆಗೆ ಹೋಯಿತು' ಎಂಬ ದೂರು. ದುಡ್ಡಿಗೆ ಗುರುತು ಇರುವುದಿಲ್ಲ. ಪರದೇಶದ ಹಣದಲ್ಲಿ ಅಕ್ಕಿ ತಂದ ಮನೆ, ಊರಿನ ಗಳಿಕೆಯಲ್ಲಿ ಮಗಳ ಫೀಸು ಕಟ್ಟಿರುತ್ತದೆ. ಆದ್ದರಿಂದ ಯಾವ ನೋಟು ಎಲ್ಲಿಗೆ ಹೋಯಿತು ಎಂದು ಕೇಳಿ ಪ್ರಯೋಜನವಿಲ್ಲ. ಹಣ ಹೆಚ್ಚಿದಾಗ ಮನೆ ಏನು ಬದಲಾಯಿಸಿಕೊಂಡಿತು ಎಂದು ಕೇಳಬೇಕು. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ಇದಕ್ಕೊಂದು ಅವಕಾಶ ಕೊಟ್ಟಿತು. ಫಿಲಿಪೈನ್ಸ್‌ನ ಪೆಸೊ ಕುಸಿದಾಗ, ಡಾಲರ್ ಬೆಲೆಗೆ ಅಂಟಿಕೊಂಡ ನಾಣ್ಯಗಳ ದೇಶದಲ್ಲಿ ದುಡಿಯುವವರ ಮನೆಗೆ ಇದ್ದಕ್ಕಿದ್ದಂತೆ ಹೆಚ್ಚು ಪೆಸೊ ಬಂದವು. ತಾವೂ ಕುಸಿದ ನಾಣ್ಯಗಳ ದೇಶದಲ್ಲಿ ದುಡಿಯುವವರ ಮನೆಗೆ ಅಷ್ಟು ಬರಲಿಲ್ಲ. ಅರ್ಥಶಾಸ್ತ್ರಜ್ಞ ಡೀನ್ ಯಾಂಗ್ ಈ ಎರಡು ಬಗೆಯ ಮನೆಗಳನ್ನು ಹೋಲಿಸಿದರು. ಹೆಚ್ಚು ಬಂದ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋಗುವುದು ಹೆಚ್ಚಿತ್ತು, ಮಕ್ಕಳ ದುಡಿತ ಇಳಿದಿತ್ತು, ಸ್ವಂತ ಉದ್ಯೋಗಕ್ಕೆ ಕೈಹಾಕಿದವರೂ ಹೆಚ್ಚಿದ್ದರು. ನೇಪಾಳದಲ್ಲಿ 1995ರಿಂದ 2004ರವರೆಗೆ ಬಡತನ ಇಳಿದದ್ದರಲ್ಲಿ ಸುಮಾರು ಐದನೇ ಒಂದು ಪಾಲಿಗೆ ವಲಸೆಯ ದುಡಿಮೆ ಕಾರಣ ಎಂಬ ಅಂದಾಜಿದೆ.

ಮನೆ ಕಟ್ಟುವುದನ್ನು ವ್ಯರ್ಥ ಎನ್ನಬೇಡಿ. ಗಾರೆಯವನಿಗೆ, ಬಡಗಿಗೆ ಕೂಲಿ ಸಿಗುತ್ತದೆ. ನಿಜವಾಗಿ ಏನೂ ಹುಟ್ಟಿಸದ ಖರ್ಚು ನಿವೇಶನದ್ದು. ಊರಿನ ಅದೇ ನೆಲ ಕೈಬದಲಾಗುತ್ತಾ ಬೆಲೆ ಏರುತ್ತದೆ, ವಲಸೆ ಹೋಗದವರಿಗೆ ಅದು ಎಟುಕದಂತಾಗುತ್ತದೆ.

ಪ್ರಶ್ನೆ: ಬ್ಯಾಂಕ್ ಇದ್ದರೂ ಜನ ಹುಂಡಿಯಲ್ಲೇ (ಬ್ಯಾಂಕಿನ ಹೊರಗಿನ ಖಾಸಗಿ ಹಣ ರವಾನೆಯಲ್ಲೇ) ಏಕೆ ಕಳಿಸುತ್ತಾರೆ? ಹೇಗೂ ಹಣ ಮನೆಗೆ ಮುಟ್ಟುತ್ತದಲ್ಲ, ದೇಶಕ್ಕೆ ನಷ್ಟವೇನು?
— ವ್ಯಾಪಾರಿ

ಉತ್ತರ: ಮನೆಗೆ ಮುಟ್ಟುವುದು ಹೌದು, ಡಾಲರ್ ಮಾತ್ರ ಗಡಿ ದಾಟುವುದಿಲ್ಲ. ಅಲ್ಲಿನ ಹುಂಡಿಯವನು ಕಾರ್ಮಿಕನಿಂದ ವಿದೇಶಿ ನಾಣ್ಯ ಪಡೆಯುತ್ತಾನೆ, ಇಲ್ಲಿನ ಜೊತೆಗಾರ ಮನೆಗೆ ಸ್ಥಳೀಯ ನಾಣ್ಯ ಕೊಡುತ್ತಾನೆ. ಅಲ್ಲಿ ಉಳಿದ ವಿದೇಶಿ ನಾಣ್ಯ ಬಂಗಾರದ ಕಳ್ಳಸಾಗಣೆಗೋ, ಸುಂಕ ತಪ್ಪಿಸಲು ಕಡಿಮೆ ಬೆಲೆ ತೋರಿಸಿದ ಆಮದಿನ ಬಾಕಿ ತೀರಿಸಲೋ, ದೇಶದಿಂದ ಹಣ ಹೊರಗೊಯ್ಯುವವರಿಗೋ ಸಿಗುತ್ತದೆ. ಕೇಂದ್ರ ಬ್ಯಾಂಕಿನ ಮೀಸಲಿಗೆ ಒಂದು ಡಾಲರೂ ಸೇರದು. ತೈಲ, ಔಷಧ, ಗೊಬ್ಬರದ ಆಮದಿಗೆ ಹಣ ಸಾಲದೆ ಬಂದಾಗ ಇದರ ಬಿಸಿ ಗೊತ್ತಾಗುತ್ತದೆ.

ಜನ ಅತ್ತ ಹೋಗಲು ಮುಖ್ಯ ಕಾರಣ ನಾಣ್ಯ ವಿನಿಮಯದ ದರ. ಅಧಿಕೃತ ದರಕ್ಕೂ ಕಾಳಸಂತೆಯ ದರಕ್ಕೂ ಅಂತರ ಬೆಳೆದ ಕೂಡಲೇ ಹಣ ಹುಂಡಿಗೆ ಹರಿಯುತ್ತದೆ. ಬಾಂಗ್ಲಾದೇಶ 2019ರಲ್ಲಿ ಅಧಿಕೃತ ದಾರಿಯಲ್ಲಿ ಬಂದ ಹಣಕ್ಕೆ ಶೇ 2 ಪ್ರೋತ್ಸಾಹಧನ ಕೊಡತೊಡಗಿತು, 2022ರಲ್ಲಿ ಅದನ್ನು ಶೇ 2.5 ಮಾಡಿತು. ಅಂತರ ಅದಕ್ಕಿಂತ ಕಡಿಮೆ ಇದ್ದಾಗ ಇದು ನಡೆಯುತ್ತದೆ. ಅಂತರ ಶೇ 8 ಆದರೆ ಶೇ 2.5ಕ್ಕೆ ಯಾರು ಓಗೊಡುತ್ತಾರೆ? ಆಗ ಸರಿಪಡಿಸಬೇಕಾದ್ದು ದರವನ್ನೇ.

ಕಳಿಸುವವರಿಗೆ ಒಂದು ಮಾತು. ಫಲಕದಲ್ಲಿ ಬರೆದ ಶುಲ್ಕ ಅರ್ಧ ಸತ್ಯ. 200 ಡಾಲರಿಗೆ ಶುಲ್ಕ 5 ಡಾಲರ್ ಎನ್ನಿ. ಕೊಟ್ಟ ದರ ಮಾರುಕಟ್ಟೆ ದರಕ್ಕಿಂತ ಶೇ 2 ಕಡಿಮೆಯಿದ್ದರೆ ಇನ್ನೂ 4 ಡಾಲರ್ ಹೋಯಿತು. ಒಟ್ಟು 9, ಅಂದರೆ ಶೇ 4.5. 2030ರೊಳಗೆ ಇದನ್ನು ಶೇ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ಜಗತ್ತಿನ ಸರಾಸರಿ ಈಗಲೂ ಶೇ 6ರ ಮೇಲಿದೆ. 'ಶುಲ್ಕವೆಷ್ಟು' ಎಂದು ಕೇಳುವ ಬದಲು 'ಮನೆಯವರ ಕೈಗೆ ಎಷ್ಟು ಸಿಗುತ್ತದೆ' ಎಂದು ಒಂದೇ ದಿನ ಎರಡು ಮೂರು ಕಡೆ ಕೇಳಿ. 'ಶುಲ್ಕವಿಲ್ಲ' ಎಂಬ ಫಲಕ ಕಂಡರೆ ದರವನ್ನು ಇನ್ನಷ್ಟು ಜಾಗ್ರತೆಯಿಂದ ನೋಡಿ. ಶುಲ್ಕ ನಿಗದಿತ ಮೊತ್ತದ್ದಾದರೆ ನಾಲ್ಕು ಸಲ 50 ಕಳಿಸುವುದಕ್ಕಿಂತ ಒಮ್ಮೆಗೇ 200 ಕಳಿಸುವುದು ಲೇಸು.

ಪ್ರಶ್ನೆ: ಸಂಬಳದ ಒಂದು ಪಾಲನ್ನು ಕಡ್ಡಾಯವಾಗಿ ತಾಯ್ನಾಡಿಗೆ ಕಳಿಸಬೇಕೆಂದು ಕಾನೂನು ಮಾಡಿದರಾಯಿತಲ್ಲವೇ?

ಉತ್ತರ: ಮಾಡಿ ನೋಡಿದ್ದಾರೆ. ಫಿಲಿಪೈನ್ಸ್ 1982ರಲ್ಲಿ ಕೆಲಸಕ್ಕೆ ತಕ್ಕಂತೆ ಸಂಬಳದ ಶೇ 50ರಿಂದ 80ರಷ್ಟನ್ನು ಬ್ಯಾಂಕಿನ ಮೂಲಕ ಕಳಿಸಲೇಬೇಕೆಂದು ಆದೇಶಿಸಿತು. ಕಾರ್ಮಿಕರು ತಿರುಗಿಬಿದ್ದರು, 1985ರಲ್ಲಿ ದಂಡನೆಯ ಭಾಗ ರದ್ದಾಯಿತು. ಅಂಥ ನಿಯಮ ಹಡಗಿನ ನೌಕರರಲ್ಲಿ ನಡೆಯುತ್ತದೆ, ಏಕೆಂದರೆ ಅವರ ಸಂಬಳವನ್ನು ನೇಮಕಾತಿ ಸಂಸ್ಥೆಯೇ ಮನೆಗೆ ಕಳಿಸುತ್ತದೆ. ಒಬ್ಬೊಬ್ಬರೇ ಮನೆಗೆಲಸಕ್ಕೆ ಹೋದ ಲಕ್ಷಾಂತರ ಹೆಣ್ಣುಮಕ್ಕಳ ಪಾಸ್‌ಬುಕ್ ಯಾರು ಪರಿಶೀಲಿಸುತ್ತಾರೆ?

ಪ್ರಶ್ನೆ: ಓದಿದವರೆಲ್ಲ ಹೊರಟುಹೋದರೆ ಆಸ್ಪತ್ರೆ, ಶಾಲೆಗಳ ಗತಿ?
— ದಾದಿಯರ ತರಬೇತಿ ಶಿಕ್ಷಕಿ

ಉತ್ತರ: ಎರಡೂ ಬಗೆಯ ಸಾಕ್ಷ್ಯವಿದೆ. 2000ದ ನಂತರ ಅಮೆರಿಕ ವಿದೇಶಿ ದಾದಿಯರಿಗೆ ಹೆಚ್ಚು ವೀಸಾ ಕೊಟ್ಟಾಗ ಫಿಲಿಪೈನ್ಸ್‌ನಲ್ಲಿ ನರ್ಸಿಂಗ್ ಓದಲು ಜನ ಮುಗಿಬಿದ್ದರು. ಹೊರಟ ಒಬ್ಬ ದಾದಿಗೆ ಪ್ರತಿಯಾಗಿ ಒಂಬತ್ತು ಮಂದಿ ಹೊಸದಾಗಿ ಪರವಾನಗಿ ಪಡೆದರು ಎಂಬುದು ಒಂದು ಅಧ್ಯಯನದ ಲೆಕ್ಕ. ಖಾಸಗಿ ಕಾಲೇಜುಗಳು ಬೇಗ ಸೀಟು ಹೆಚ್ಚಿಸಬಲ್ಲವಾಗಿದ್ದರಿಂದ ಇದು ಆಯಿತು. ವೀಸಾ ಬಿಗಿಯಾದಾಗ ಪರವಾನಗಿಯಿದ್ದೂ ಕೆಲಸವಿಲ್ಲದವರು ಉಳಿದರು ಎಂಬುದನ್ನೂ ಸೇರಿಸಬೇಕು. ಮೆಕ್ಸಿಕೋದಲ್ಲಿ ಇದಕ್ಕೆ ತದ್ವಿರುದ್ಧ ಚಿತ್ರ: ವಲಸೆ ಹೆಚ್ಚಿರುವ ಹಳ್ಳಿಗಳಲ್ಲಿ ಹುಡುಗರು ಬೇಗ ಶಾಲೆ ಬಿಡುವುದು ಕಂಡಿದೆ. ಗಡಿಯಾಚೆ ಸಿಗುವ ಕೂಲಿಗೆ ಹತ್ತನೇ ತರಗತಿ ಬೇಕಾಗಿರಲಿಲ್ಲ. ಹೊರಗಿನ ಕೆಲಸ ಏನು ಕೇಳುತ್ತದೋ ಒಳಗಿನ ಮಕ್ಕಳು ಅದನ್ನು ಕಲಿಯುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಹಣ ಬಂದೂ ಕೆಲವು ದೇಶಗಳು ಏಕೆ ಮೇಲೇಳುವುದಿಲ್ಲ?

ಉತ್ತರ: ಬೇಡಿಕೆ ಬರುತ್ತದೆ, ಉತ್ಪಾದನೆ ಬರುವುದಿಲ್ಲ. ಹಣ ಹರಿದಂತೆ ನಾಣ್ಯ ಬಲಗೊಂಡು ಕೂಲಿ ಏರುತ್ತದೆ. ಒಳಗೆ ತಯಾರಾದ ಬಟ್ಟೆ ಹೊರಗೆ ದುಬಾರಿ, ಹೊರಗಿನ ಬಟ್ಟೆ ಒಳಗೆ ಅಗ್ಗ. ರಫ್ತಿನ ಕಾರ್ಖಾನೆ ಮುಚ್ಚುತ್ತದೆ, ಕೆಲಸ ಹೋದವನೂ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾನೆ. ಅರ್ಥಶಾಸ್ತ್ರದಲ್ಲಿ ಇದನ್ನು 'ಡಚ್ ಕಾಯಿಲೆ' ಎನ್ನುತ್ತಾರೆ. ಸರ್ಕಾರಕ್ಕೂ ಇದು ಹಾಯಾದ ಸ್ಥಿತಿ: ಆಮದು ಹೆಚ್ಚಿದಷ್ಟು ಸುಂಕ ಖಜಾನೆಗೆ ಬೀಳುತ್ತದೆ, ಕೆಲಸ ಕೇಳುವ ಯುವಕರು ಊರಲ್ಲಿರುವುದಿಲ್ಲ. ಒಳಗೆ ವಿದ್ಯುತ್, ರಸ್ತೆ, ಸಾಲದ ವ್ಯವಸ್ಥೆ ಸರಿಪಡಿಸಬೇಕೆಂಬ ಒತ್ತಡ ಹಾಕುವವರು ಯಾರು?

ಹಣದ ಹರಿವಿನ ಬಗ್ಗೆ ಒಂದು ಮೆಚ್ಚುಗೆಯ ಮಾತಿದೆ, ಅದನ್ನೂ ಪರೀಕ್ಷಿಸಿಯೇ ನಂಬಬೇಕು: ಕಷ್ಟಕಾಲದಲ್ಲಿ ಇದು ನಿಲ್ಲುವುದಿಲ್ಲ ಎಂಬುದು. ಕೋವಿಡ್ ಹಬ್ಬಿದ 2020ರ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕ್ ಶೇ 20ರಷ್ಟು ಕುಸಿತ ಊಹಿಸಿತ್ತು. ಆ ವರ್ಷ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಬಂದ ಹಣ ಇಳಿದದ್ದು ಶೇ 2ಕ್ಕಿಂತ ಕಡಿಮೆ. ಗಡಿ ಮುಚ್ಚಿ ಕೈಯಲ್ಲಿ ಒಯ್ಯುವ ನೋಟುಗಳು ಬ್ಯಾಂಕ್ ದಾರಿ ಹಿಡಿದದ್ದೂ ಅದಕ್ಕೊಂದು ಕಾರಣ. ಮೊದಲು ಲೆಕ್ಕಕ್ಕೆ ಸಿಗದಿದ್ದ ಹಣ ಈಗ ಲೆಕ್ಕಕ್ಕೆ ಸಿಕ್ಕಿತು. ತವರಿನಲ್ಲಿ ಬರ, ಭೂಕಂಪ ಆದಾಗ ಕಳಿಸುವವರು ಹೆಚ್ಚು ಕಳಿಸುತ್ತಾರೆ ನಿಜ. ದುಡಿಯುವ ದೇಶವೇ ಮುಗ್ಗರಿಸಿದರೆ ಹಾಗಾಗದು. ತಜಿಕಿಸ್ತಾನಕ್ಕೆ 2013ರಲ್ಲಿ ಬಂದ ಹಣ ಅದರ ಜಿಡಿಪಿಯ ಅರ್ಧದ ಸಮೀಪವಿತ್ತು, ಬಹುಪಾಲು ರಷ್ಯಾ ಒಂದರಿಂದಲೇ. 2014ರ ಕೊನೆಯಲ್ಲಿ ತೈಲದ ಬೆಲೆಯ ಜೊತೆ ರಷ್ಯಾದ ನಾಣ್ಯ ರೂಬಲ್ ಬಿತ್ತು. ಅಷ್ಟೇ ರೂಬಲ್ ದುಡಿದವನ ಮನೆಗೆ ಮುಂದಿನ ವರ್ಷ ಮುಟ್ಟಿದ ಡಾಲರ್ ತೀರಾ ಕಡಿಮೆಯಾಯಿತು, ತಜಿಕಿಸ್ತಾನದ ನಾಣ್ಯ ಸೊಮೊನಿಯೂ ಜೊತೆಗೇ ಇಳಿಯಿತು.