ಹಳೆಯ ಆಲ್ಟೇರ್‌ಗೆ ಕರೆಂಟ್ ಕೊಡುವ ಮುನ್ನ

ಪ್ರಶ್ನೆ: ಅಮೆರಿಕದಲ್ಲಿದ್ದ ಚಿಕ್ಕಪ್ಪ ಕಿಟ್ ತರಿಸಿ ಜೋಡಿಸಿದ್ದ ಆಲ್ಟೇರ್ 8800 ಕಂಪ್ಯೂಟರ್ ನಮ್ಮ ಮನೆಗೆ ಬಂದಿದೆ. ಮೂವತ್ತು ವರ್ಷ ಪೆಟ್ಟಿಗೆಯಲ್ಲೇ ಇತ್ತು. 110 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆ. ಒಮ್ಮೆ ಹಾಕಿ ನೋಡಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಎಷ್ಟು ಸಲ ಹೇಳಿದರೂ "ಹಾಕಿ ನೋಡಿದೆವು, ಹೊಗೆ ಬಂತು" ಎಂಬ ಪತ್ರಗಳು ನಿಂತಿಲ್ಲ. 1975ರ ಜನವರಿಯಲ್ಲಿ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಈ ಯಂತ್ರದಲ್ಲಿ ಇಂದು ಮೊದಲು ಅನುಮಾನಿಸಬೇಕಾದದ್ದು ಅದರ ಮಿದುಳಾದ ಇಂಟೆಲ್ 8080 ಚಿಪ್ಪನ್ನಲ್ಲ, ಪವರ್ ಸಪ್ಲೈಯಲ್ಲಿ ವಿದ್ಯುತ್ ಕೂಡಿಟ್ಟುಕೊಳ್ಳುವ ದಪ್ಪ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು. ಅವುಗಳೊಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿರುವ ಆಕ್ಸೈಡ್ ಪದರವು ವರ್ಷಗಟ್ಟಲೆ ವೋಲ್ಟೇಜ್ ಕಾಣದಿದ್ದರೆ ದುರ್ಬಲವಾಗುತ್ತದೆ. ಅಂಥದ್ದಕ್ಕೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರುವ ಕರೆಂಟಿನಿಂದ ಕಾದು, ಉಬ್ಬಿ, ಕೆಲವೊಮ್ಮೆ ಸಿಡಿದೇ ಬಿಡುತ್ತದೆ.

ಕಾರ್ಡುಗಳನ್ನೆಲ್ಲ ಬಸ್ಸಿನಿಂದ (ಅವುಗಳನ್ನು ಸಿಕ್ಕಿಸಿ ಒಂದಕ್ಕೊಂದು ಜೋಡಿಸುವ ತಂತಿಸಾಲು) ಹೊರತೆಗೆಯಿರಿ. ತಲೆ ಉಬ್ಬಿದ, ಬುಡದಲ್ಲಿ ಅಂಟು ಸೋರಿದ ಕೆಪಾಸಿಟರನ್ನು ಬದಲಿಸಿ. ಅನಂತರ ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟು ಏರಿಳಿಸುವ ಟ್ರಾನ್ಸ್‌ಫಾರ್ಮರ್) ಮೂಲಕ, ನಡುವೆ ಸೀರೀಸ್ ಬಲ್ಬ್ ಇಟ್ಟು (ನಮ್ಮ ರೇಡಿಯೊ ರಿಪೇರಿಯವರ ಸೀರೀಸ್ ಬೋರ್ಡ್ ಇದೇ), ಕೆಲವು ಗಂಟೆಗಳ ಕಾಲ ಹಂತಹಂತವಾಗಿ ವೋಲ್ಟೇಜ್ ಏರಿಸಿ. ಎಲ್‌ಇಡಿ ಬಲ್ಬ್ ನಡೆಯದು, ಫಿಲಮೆಂಟ್ ಇರುವುದೇ ಬೇಕು. ಅದು ಮಂದವಾಗದೆ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಬಸ್ಸಿನಲ್ಲಿ ಸುಮಾರು 8 ವೋಲ್ಟ್ ಹಾಗೂ ಪ್ಲಸ್, ಮೈನಸ್ 16 ವೋಲ್ಟ್ ಕಾಣಬೇಕು; ಲೋಡ್ ಇಲ್ಲದಾಗ ತುಸು ಹೆಚ್ಚೇ ಇರುತ್ತದೆ. ಆ 8 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ರೆಗ್ಯುಲೇಟರ್ ಆಯಾ ಕಾರ್ಡಿನಲ್ಲೇ ಇರುವುದರಿಂದ ಪ್ರತಿ ಕಾರ್ಡನ್ನೂ ಬೇರೆಯಾಗಿ ಪರೀಕ್ಷಿಸಬೇಕು. 8080ಕ್ಕೆ ಮೈನಸ್ 5 ವೋಲ್ಟ್ ತಪ್ಪಿ ಪ್ಲಸ್ 12 ಮಾತ್ರ ಸಿಕ್ಕರೆ ಚಿಪ್ಪೇ ಸುಟ್ಟುಹೋಗಬಹುದು. ಆತುರದಲ್ಲಿ ಈ ಅಳತೆ ಬಿಟ್ಟು ನಾನು ಒಂದು ಚಿಪ್ ಕಳೆದುಕೊಂಡಿದ್ದೇನೆ, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಮಾತು: 60 ಹರ್ಟ್ಸ್‌ಗೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮೊದಲ ದಿನ ಯಂತ್ರದ ಪಕ್ಕದಿಂದ ಏಳಬೇಡಿ.

ಪ್ರಶ್ನೆ: ಪರದೆ, ಕೀಬೋರ್ಡ್ ಏನೂ ಇಲ್ಲ. ಮೋಸ ಹೋದೆನೇ?

ಉತ್ತರ: ಇಲ್ಲ. ಮೂಲ ಕಿಟ್‌ನಲ್ಲಿ 256 ಬೈಟ್ ಮೆಮೊರಿ, ಮುಂಭಾಗದಲ್ಲಿ ಸ್ವಿಚ್ಚುಗಳು, ಕೆಂಪು ದೀಪಗಳು, ಅಷ್ಟೇ.

ಪ್ರಶ್ನೆ: ಇದು ಬಿಲ್ ಗೇಟ್ಸ್ ತಯಾರಿಸಿದ ಕಂಪ್ಯೂಟರ್ ತಾನೇ?

ಉತ್ತರ: ಅಲ್ಲ. ತಯಾರಿಸಿದ್ದು ಅಮೆರಿಕದ ಅಲ್ಬುಕರ್ಕಿ ನಗರದಲ್ಲಿದ್ದ ಎಡ್ ರಾಬರ್ಟ್ಸ್ ಅವರ ಎಂಐಟಿಎಸ್ ಕಂಪನಿ. ಗೇಟ್ಸ್ ಮತ್ತು ಪಾಲ್ ಅಲೆನ್ ಈ ಯಂತ್ರಕ್ಕೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶ ಬರೆದುಕೊಟ್ಟರು.

ಪ್ರಶ್ನೆ: ಹಳೆಯ ಚಿಪ್ಪುಗಳಿಂದ ಚಿನ್ನ ತೆಗೆಯುವುದು ಹೇಗೆ?

ಉತ್ತರ: ಈ ವಿದ್ಯೆ ಕಲಿಸುತ್ತೇವೆಂದು ವಿಡಿಯೊ ಮಾಡುವವರು ಕೈಗೆ ಕೊಡುವುದು ಶ್ವಾಸಕೋಶ ಸುಡುವ ಆಸಿಡ್ ಹೊಗೆಯನ್ನು. ಚಿಪ್ಪಿನಲ್ಲಿರುವುದು ತೆಳು ಲೇಪನ. ಅದಕ್ಕಾಗಿ ಮತ್ತೆ ತಯಾರಾಗದ ಬಿಡಿಭಾಗವನ್ನು ಕರಗಿಸುವವರಿಗೆ ನಾನು ದಾರಿ ಹೇಳುವುದಿಲ್ಲ.